ಹದಿಮೂರನೆಯ ಹೆಸರು

ಹನ್ನೆರಡು ಮಕ್ಕಳ ಪಟ್ಟಿ ಬರೆದು ಮಡಚಿಟ್ಟಿದ್ದೆ.
ಬುಕೋಬಾದಿಂದ ಬಿಷಪ್ಪರು ಬರಲು ಇನ್ನು ಒಂಬತ್ತೇ ದಿನ.
ಆಜ್ಞೆ ಹತ್ತು, ಅವುಗಳ ಅರ್ಥ, ಅರ್ಥದ ಅರ್ಥ
ಎಲ್ಲರೂ ಒಪ್ಪಿಸಿದರು ಮಗ್ಗಿಯ ಹಾಗೆ.
ಒಬ್ಬ ಮಾತ್ರ ತಡವರಿಸಿದ, ಏಳನೆಯದರಲ್ಲಿ:
ಕದಿಯಬಾರದು.
ಅವನ ಜೇಬಿನಲ್ಲಿ ನನ್ನ ಸೀಮೆಸುಣ್ಣ.
ಹೋಗಲಿ ಎಂದು ಪಾಸು ಮಾಡಿದೆ.

ಕೊಕುಟೋನಾ ಒಂದಕ್ಷರ ತಪ್ಪಲಿಲ್ಲ.
ಒಪ್ಪಿಸಿ, ಕೂತು, ಬೆಂಚಿನ ಸಿಬಿರು ಕೀಳುತ್ತ ಹೇಳಿದಳು:
"ಉಪದೇಶಿಗಳೇ, ನನ್ನ ಹೆಸರು ತೆಗೆದುಬಿಡಿ."

ಗವನು ಹೊಲಿದಾಗಿತ್ತು. ಎರಡು ಚೀಲ ಕಾಫಿ ಮಾರಿ
ಅವಳಮ್ಮ ತಂದ ಬಿಳಿ ಬಟ್ಟೆ,
ಬೆಳೆಯುವ ಹುಡುಗಿಯೆಂದು
ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಬಿಟ್ಟು.
ಮ್ವಾಂಜಾದ ಚಿಕ್ಕಪ್ಪ ಹಡಗಿನ ಟಿಕೇಟು ತೆಗೆಸಿದ್ದ.
ಬಾಳೆಗೊನೆ ಯಾವುದು ಕಡಿಯುವುದೆಂದು
ಗುರುತು ಕೂಡ ಹಾಕಿಯಾಗಿತ್ತು.

"ಹೆದರಿಕೆಯೇ? ಬಿಷಪ್ಪರು ಗದರುವುದಿಲ್ಲ,
ತಲೆಯ ಮೇಲೆ ಕೈಯಿಡುತ್ತಾರೆ, ಅಷ್ಟೆ."
"ಅದಲ್ಲ" ಎಂದಳು. ಬಹಳ ಹೊತ್ತು ಅಷ್ಟೇ ಎಂದಳು.

ಆಮೇಲೆ ಬಂತು, ತುಂಡು ತುಂಡಾಗಿ:
ಹೋದ ನವೆಂಬರಿನಲ್ಲಿ ಸೆನೆನೆ ಮಿಡತೆಗಳು
ದೀಪಕ್ಕೆ ಮುತ್ತಿದ ರಾತ್ರಿ,
ಬುಟ್ಟಿ ತುಂಬಲಿಲ್ಲವೆಂಬ ಸಿಟ್ಟಿಗೆ
ಇವಳೊಂದು ಮಾತು ಆಡಿದ್ದಳು:
"ಆ ಮುಕಾಬಲಿಸಾ ಮುದುಕಿಯ ಕಣ್ಣು ಬಿದ್ದಿದೆ."

ಮಾತಿಗೆ ಕಾಲಿದೆ. ಬೆಳಗಾಗುವುದರೊಳಗೆ
ಬಾವಿಗೆ ಹೋಯಿತು, ಸಂತೆಗೆ ಹೋಯಿತು,
ಯಾರದೋ ಕರು ಸತ್ತಾಗ ಮತ್ತೆ ಎದ್ದು ನಡೆಯಿತು.
ಅಂದಿನಿಂದ ಆ ವಿಧವೆ
ಬಾಗಿಲಲ್ಲಿ ನಿಂತು ಚಾಚುವ ಕಾಫಿಬೀಜ
ಒಬ್ಬರೂ ತೆಗೆದುಕೊಳ್ಳುವುದಿಲ್ಲ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಅದೇ:
ಬೇಯಿಸಿ ಒಣಗಿಸಿದ ನಾಲ್ಕು ಬೀಜ, ಅಂಗೈಯ ಮೇಲೆ.
ಬೇಡವೆಂದರೆ, ನೀನೇ ಬೇಡವೆಂದ ಹಾಗೆ.

"ಆ ಕೈಯದು ತಿನ್ನದವಳು
ಈ ಕೈಯದು ಹೇಗೆ ತಿನ್ನಲಿ?"

ಇಪ್ಪತ್ತಾರು ವರ್ಷದ ಉಪದೇಶಿ ನಾನು.
"ದೇವರಲ್ಲಿ ಅರಿಕೆ ಮಾಡು, ಕ್ಷಮಿಸುತ್ತಾನೆ" ಎಂದೆ.
"ಮಾಡಿದೆ" ಎಂದಳು. "ಆದರೆ ಸುಳ್ಳು ಹೇಳಿದ್ದು
ದೇವರ ಬಗ್ಗೆ ಅಲ್ಲವಲ್ಲ."

ಪ್ರಶ್ನೋತ್ತರದ ಪುಸ್ತಕ ತಿರುವಿದೆ,
ಏನೋ ಹುಡುಕುವವನ ಹಾಗೆ.
ಆ ಬಾಗಿಲ ಮುಂದೆ ನಾನೂ
ಸೈಕಲ್ಲಿನ ಗಂಟೆ ಬಾರಿಸುತ್ತ ಬೇಗ ಬೇಗ
ಹಾದುಹೋಗಿದ್ದೆ, ಬೈಬಲ್ಲು ಹಿಂದೆ ಕಟ್ಟಿಕೊಂಡು.

ಸಂಜೆ ಇಬ್ಬರೂ ಹೋದೆವು.
ಮುದುಕಿ ಬಾಳೆಯ ಒಣಗರಿ ಗುಡಿಸುತ್ತಿದ್ದಳು.
ಹುಡುಗಿ ನೆಲಕ್ಕೆ ಮಂಡಿಯೂರಿ ಎಲ್ಲ ಹೇಳಿದಳು,
ಅಳದೆ, ಒಪ್ಪಿಸುವ ದನಿಯಲ್ಲೇ,
ಅವಳಿಗೆ ಗೊತ್ತಿದ್ದ ದನಿ ಅದೊಂದೇ.
ಮುದುಕಿ ಪೊರಕೆ ನಿಲ್ಲಿಸಲಿಲ್ಲ.
ಅಂಗಳ ಪೂರ್ತಿ ಗುಡಿಸಿ ಮುಗಿಸಿದಳು.
ಸರೋವರದ ಕಡೆ ಬೆಳಕು ಇಳಿಯಿತು.
ಒಳಗೆ ಹೋದಳು. ಬರುವುದಿಲ್ಲವೆಂದುಕೊಂಡೆ.

ಬಂದಳು. ಸಣ್ಣ ಹೆಣೆದ ತಟ್ಟೆ,
ಅದರಲ್ಲಿ ಒಂದು ಕಾಯಿ, ಸಿಪ್ಪೆಯೊಳಗೆ ಜೋಡಿ ಬೀಜ.
ಹಲ್ಲಿನಲ್ಲಿ ಒಡೆದು
ಒಂದು ತನಗೆ, ಒಂದು ಹುಡುಗಿಗೆ.
ಕಹಿಯಿತ್ತೇನೋ, ಹುಡುಗಿ ಮುಖ ಕಿವಿಚಿದಳು,
ಉಗುಳಲಿಲ್ಲ.

ನನ್ನತ್ತ ತಟ್ಟೆ ತಿರುಗಲಿಲ್ಲ.
ಸರಿಯೇ. ನಾನೇನೂ ಹೇಳಿರಲಿಲ್ಲವಲ್ಲ,
ಜೊತೆಗೆ ಬಂದವನು ಮಾತ್ರ.

ರಾತ್ರಿ ಪಟ್ಟಿ ಬಿಡಿಸಿದೆ.
ಹನ್ನೆರಡೂ ಹಾಗೇ ಉಳಿದವು, ಸೀಮೆಸುಣ್ಣದವನದೂ.
ಕೆಳಗೆ ನನ್ನ ಹೆಸರು ಬರೆದು
ಸ್ವಲ್ಪ ಹೊತ್ತು ನೋಡಿ
ಗೀಟು ಹೊಡೆದೆ.

ನಾಳೆ ಆ ದಾರಿಯಲ್ಲಿ
ಸೈಕಲ್ಲು ಇಳಿದು ನಡೆಯಬೇಕು.