ಎಷ್ಟು ಗಜ?

ಕ್ಯಾವಲ್ರಿ ರಸ್ತೆಯ ತಿರುವಿನಲ್ಲಿ ಹಿತ್ತಾಳೆ ಬೋರ್ಡಿನ ಅಂಗಡಿ.
ಗಾಜಿನ ಬೀರುವಿನಲ್ಲಿ ಎಣ್ಣೆ ಕುಡಿದು ನಿಂತ ಬಂದೂಕುಗಳು.
ನಾನು ತೋಟಾ ಲೆಕ್ಕ ಬರೆಯುವ ಗುಮಾಸ್ತ,
ತಿಗಳರಪೇಟೆಯಿಂದ ಸೈಕಲ್ಲಿನಲ್ಲಿ ಬರುವ ಮುನಿಗಂಗಪ್ಪ.
ಮೂರು ಪುಸ್ತಕ: ಬಂದದ್ದು, ಹೋದದ್ದು, ಉಳಿದದ್ದು.
ಮೂರೂ ತಾಳೆಯಾಗದೆ ಶನಿವಾರ ಬಾಗಿಲು ಹಾಕುವಂತಿರಲಿಲ್ಲ.

ಜಿಂಕೆಗೆ ಒಂದು ಡಬ್ಬಿ ಕೊಡಿ, ಎಂದು ಬಂದವರಿಗೆಲ್ಲ
ಖುದ್ದೂಸ್ ಸಾಹೇಬರದು ಒಂದೇ ಮಾತು:
ಎಷ್ಟು ಗಜ?

ಹೊಡೆಯೋ ಅಷ್ಟು ದೂರ, ಅಂದಿದ್ದನೊಬ್ಬ.
ಅವನನ್ನು ಬಾಗಿಲಿಗೆ ಕರೆದೊಯ್ದು ಬೀದಿ ತೋರಿಸಿದರು.
ಅಗೋ, ಚಹಾ ಅಂಗಡಿ. ಐವತ್ತು.
ಜಟಕಾ ಸ್ಟ್ಯಾಂಡಿನ ನೀರಿನ ತೊಟ್ಟಿ, ನೂರು.
ಚರ್ಚಿನ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದಾಳಲ್ಲ ಆಯಮ್ಮ,
ಇನ್ನೂರರ ಮೇಲೆ ಸ್ವಲ್ಪ.
ಈಗ ಹೇಳಿ.

ಪೊದೆಯಲ್ಲಿ ಐವತ್ತಾದರೆ ತೂಕದ್ದು, ಮೆತ್ತನೆ ದುಂಡು ಮೂತಿಯದು.
ಹಗುರದ್ದನ್ನು ಅಷ್ಟು ಹತ್ತಿರದಿಂದ ಬಿಟ್ಟರೆ ಒಳಗೇ ಪಟಾಕಿ;
ಮುಂದಿನ ತೊಡೆಯೆಲ್ಲ ಗಂಜಿ, ನಾಯಿಯೂ ಮೂಸುವುದಿಲ್ಲ.
ಬಯಲಲ್ಲಿ ಇನ್ನೂರು, ಇನ್ನೂರೈವತ್ತಾದರೆ ಚೂಪು ಮೂತಿ, ವೇಗದ್ದು.
ತೂಕದ್ದು ಅಲ್ಲಿ ಮುಟ್ಟುವ ಹೊತ್ತಿಗೆ ಎದೆ ಬಿಟ್ಟು ಮೊಣಕಾಲಿಗಿಳಿದಿರುತ್ತೆ,
ಸಂಜೆ ಆರರ ಕೂಲಿಯವನ ಹೆಗಲ ಹಾಗೆ.
ಪೂರಾ ತಾಮ್ರ ಹೊದ್ದದ್ದು ಯಾವ ದೂರಕ್ಕೂ ಬೇಡ.
ಈ ಕಡೆ ಹೊಕ್ಕು ಆ ಕಡೆ ಹೊರಟುಬಿಡುತ್ತೆ, ನೆಂಟರಿಲ್ಲದ ಊರಲ್ಲಿ ಬಸ್ಸಿನ ಹಾಗೆ,
ಪ್ರಾಣಿ ನಾಲ್ಕು ಮೈಲಿ ನಡೆದು ಸಾಯುತ್ತೆ.
ಕೊನೆಗೆ, ರಸೀತಿ ಹರಿಯುವಾಗ:
ಕಂಡದ್ದು ಏನೆಂದು ಖಾತ್ರಿಯಾಗೋವರೆಗೆ
ಬೆರಳು ನೆಟ್ಟಗಿರಲಿ.

ಗ್ರೇನ್ ಅಂದರೇನು ಸಾಹೇಬರೆ, ಕೇಳಿದ್ದೆ ಮೊದಲ ವಾರ.
ಜವೆಗೋಧಿಯ ಒಂದು ಕಾಳಂತೆ.
ನಮ್ಮ ಪೇಟೆಯ ಅಕ್ಕಸಾಲಿ ಗುಲಗಂಜಿಯಲ್ಲಿ ಮೂಗುಬೊಟ್ಟು ತೂಗುತ್ತಿದ್ದ.
ಇಲ್ಲಿ ಒಂದು ಜಿಂಕೆಗೆ ನೂರೆಂಬತ್ತು ಕಾಳು.
ಮನೆಯಲ್ಲಿ ಎಣಿಸಿ ನೋಡಿದೆ,
ಅರ್ಧ ಹಿಡಿಯೂ ತುಂಬಲಿಲ್ಲ.

ಗಿರಣಿ ಮ್ಯಾನೇಜರು ಚೆಂಗಲ್ವರಾಯ ಮೊದಲಿಯಾರ್
ಹಟ ಹಿಡಿದು ತಾಮ್ರದ್ದೇ ಒಯ್ದರು, ಅಗ್ಗವೆಂದು.
ಎಂಟನೆಯ ದಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು
ದುಡ್ಡು ವಾಪಸು ಬೇಡ ಅಂದರು.
ಎಷ್ಟು ಗಜವಿತ್ತು?
ಎಂಬತ್ತು. ಬಿದ್ದಿತು ಅಂದುಕೊಂಡೆ. ಎದ್ದು ಹೋಯಿತು.
ಎರಡು ದಿನ ಹುಡುಕಿದರಂತೆ, ಬೂಟಿನ ಕೆಸರು ಇನ್ನೂ ಹಸಿ.
ನಾನು ಬರೆದೆ: ಬಂದದ್ದು, ಹದಿನೇಳು.
ಇಪ್ಪತ್ತರಲ್ಲಿ ಎರಡು, ಗುರಿ ನೋಡಲು ಹುಣಸೆಮರಕ್ಕೆ.
ಉಳಿದ ಒಂದು
ಯಾವ ಪುಸ್ತಕದಲ್ಲಿ ಇಡಲಿ ಎಂದು ಆ ಶನಿವಾರ ಕತ್ತಲಾಗುವವರೆಗೆ ಕೂತಿದ್ದೆ.

ಆಮೇಲೆ ಕಾನೂನು ಬಂತು, ಬೀರುವಿಗೆ ಅರಗಿನ ಮೊಹರು ಬಿತ್ತು.
ಸಾಹೇಬರು ತೀರಿಕೊಂಡರು. ಅಲ್ಲೀಗ ಪರದೆ ಬಟ್ಟೆ ಮಾರುತ್ತಾರೆ,
ಅದನ್ನೂ ಗಜದಲ್ಲಲ್ಲ, ಮೀಟರಿನಲ್ಲಿ.
ಹದಿನಾಲ್ಕು ವರ್ಷ ತೋಟಾ ಬರೆದವನು
ಜೀವಂತ ಜಿಂಕೆಯನ್ನು ಯಾವ ದೂರದಿಂದಲೂ ನೋಡಿರಲಿಲ್ಲ ಅಂದರೆ
ಮೊಮ್ಮಗಳು ಲೋಹಿತಾ ನಗುತ್ತಾಳೆ.

ಮೊನ್ನೆ ಅವಳೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು.
ಗೋಡೆಯ ಅಕ್ಷರಗಳಿಗೆ ನಾನು ಸುಮ್ಮನಿದ್ದೆ, ಎಲ್ಲವೂ ಹೊಗೆ.
ಇಂಗ್ಲಿಷ್ ಬರಲ್ವಾ ತಾತ, ಅಂದಳು ಡಾಕ್ಟರಮ್ಮ,
ಮೂರು ಪುಸ್ತಕವನ್ನೂ ಇಂಗ್ಲಿಷಿನಲ್ಲೇ ಬರೆದವನಿಗೆ.
ಮಕ್ಕಳ ಚಿತ್ರದ ಹಲಗೆ ತೂಗುಹಾಕಿದಳು.
ಇಪ್ಪತ್ತಡಿ. ಏಳು ಗಜಕ್ಕೆ ಒಂದಡಿ ಕಮ್ಮಿ.

ಕೊಡೆ. ಮನೆ. ದೋಣಿ. ಹೇಳಿದೆ.
ಮೂರನೇ ಸಾಲು, ಎಡದಿಂದ ಎರಡನೆಯದು:
ನಾಲ್ಕು ಕಾಲು, ತಲೆಯ ಮೇಲೆ ಏನೋ ಕವಲು.
ಕೊಂಬೋ, ಹಿಂದಿನ ಮರದ ರೆಂಬೆಯೋ, ನನ್ನ ಕಣ್ಣಿನ ಪೊರೆಯೋ.
ಜಿಂಕೆ ಇರಬೇಕು.
ಕುದುರೆಯೂ ಇರಬಹುದು.

ಅಂದಾಜಿಗೆ ಹೇಳಿ ತಾತ, ತಪ್ಪಾದರೂ ಪರವಾಗಿಲ್ಲ.

ಪರವಾ ಇದೆಯಮ್ಮ, ಅಂದೆ,
ತೊಡೆಯ ಮೇಲೆ ಮಡಿಚಿಕೊಂಡಿದ್ದ ತೋರುಬೆರಳನ್ನು
ಮೆಲ್ಲಗೆ ನೆಟ್ಟಗೆ ಮಾಡುತ್ತ.