ಏಳನೆಯ ಮಣಿ

ಮಂಡ್ಯದ ದೊಡ್ಡಾಸ್ಪತ್ರೆಯ ಎಕ್ಸ್-ರೇ ಕೋಣೆಗೆ ಕಿಟಕಿಯಿಲ್ಲ.
ಹೊರಗೆ ಬಿಸಿಲೋ, ಆಲೆಮನೆ ಹೊಗೆಯೋ
ನನಗೆ ಗೊತ್ತಾಗುವುದು ಸ್ಟ್ರೆಚರಿನ ಮೇಲೆ ಬಂದವರ
ಅಂಗಿಯ ವಾಸನೆಯಿಂದ.
ಹತ್ತೊಂಬತ್ತು ವರ್ಷದಿಂದ ಒಂದೇ ಮಾತು:
"ಉಸ್ರು ಹಿಡ್ಕೋ. ಅಳ್ಳಾಡ್ಬೇಡ. ಹ್ಞಾ, ಬುಡು."

ಕತ್ತಿಗೆ ಏಳು ಮಣಿ.
ದೇವರಿಗೆ, ಹಿರಿಯರಿಗೆ, ಗಿಡ್ಡ ಬಾಗಿಲಿಗೆ
ಮಣಿಯಲೆಂದೇ ಕೊಟ್ಟ ಮಣಿ.
ಒಳಗಿನ ದಾರ ಒಂದೇ, ಕಿರುಬೆರಳಿನಷ್ಟು ದಪ್ಪ.
ಹರಿದರೆ ಪೋಣಿಸುವವರಿಲ್ಲ.

ಆ ಮಾರ್ಗಶಿರದ ರಾತ್ರಿ ಇಬ್ಬರು ಬಂದರು, ಭಾವ ಭಾಮೈದ.
ಕಬ್ಬಿನ ಟ್ರ್ಯಾಕ್ಟರು, ಹಿಂದೆ ಕೆಂಪು ದೀಪವಿಲ್ಲ,
ಜೋತುಬಿದ್ದ ಸೋಗೆ ಕತ್ತಲಿನದೇ ಬಣ್ಣ.
ಗಾಡಿ ಬಿಡುತ್ತಿದ್ದ ಚಲುವಾಚಾರಿಯ ಹೆಲ್ಮೆಟ್ಟು
ಕೆತ್ತಿದ ಎಳನೀರ ಬುರುಡೆಯಂತೆ ಒಂದು ಕಡೆ ಒಡೆದು
ಅವನ ಹೆಂಡತಿಯ ತೊಡೆಯ ಮೇಲೆ ಕೂತಿತ್ತು.
ಅವನು ವಾಂತಿ ಮಾಡಿಕೊಂಡ, ಎಲ್ಲರನ್ನೂ ಬೈದ,
ಎದ್ದು ಕೂರಲು ನೋಡಿದ.
ಹಿಂದೆ ಕೂತಿದ್ದ ನಿಂಗರಾಜು ಸುಮ್ಮನೆ ಮಲಗಿದ್ದ,
ಹಣೆಯ ತುಂಬ ಟಾರಿನ ಹರಳು.
ಕೇಳಿದ್ದಿಷ್ಟೇ: "ಅಕ್ಕ, ನನ್ ಚಪ್ಪಲಿ ಯಾರ್ ಬಿಚ್ಚುದ್ರು?"

ಚಪ್ಪಲಿ ಕಾಲಲ್ಲೇ ಇತ್ತು.

ಫಿಲ್ಮು ಬೆಳಕಿಗೆ ಹಿಡಿದೆ.
ಐದನೆಯದು ಆರನೆಯದರ ಮೇಲಿಂದ ಮುಂದಕ್ಕೆ ಜಾರಿತ್ತು,
ಮೆಟ್ಟಿಲು ತಪ್ಪಿದ ಹೆಜ್ಜೆಯಂತೆ.
ತಲೆಗೂ ರಸ್ತೆಗೂ ನಡುವೆ ಏನೂ ಇರಲಿಲ್ಲ.
ಅಷ್ಟೂ ಪೆಟ್ಟನ್ನು ಕತ್ತೇ ಇಸಿದುಕೊಂಡಿತ್ತು.

ಕ್ಯಾಂಟೀನಿನಲ್ಲಿ ಈಗಲೂ ಹೇಳುತ್ತಾರೆ:
"ಹೆಲ್ಮೆಟ್ ಭಾರಕ್ಕೇ ಕತ್ತು ಮುರೀತದೆ ಕಣಮ್ಮ."
ನಾನು ಡಾಕ್ಟರಲ್ಲ, ನೆರಳು ಹಿಡಿಯುವವಳು.
ಹೆಲ್ಮೆಟ್ಟಿದ್ದೂ ನಡು ಮುರಿದವರ ನೆರಳು ಹಿಡಿದಿದ್ದೇನೆ;
ಸೊಂಟಕ್ಕೆ ಹಾಕುವ ಟೋಪಿ ನಾನಂತೂ ನೋಡಿಲ್ಲ.
ಆದರೆ ಕತ್ತಿನ ಮಣಿ ಜಾರಿದ್ದು ಕಂಡಾಗಲೆಲ್ಲ
ಹೊರಗೆ ಬಂದು ಕೇಳುತ್ತೇನೆ, "ಹಾಕಿದ್ನಾ?"
ಬೆಂಚಿನ ಮೇಲಿನವರು ಹೆಚ್ಚಾಗಿ ನೆಲ ನೋಡುತ್ತಾರೆ.
ಒಬ್ಬಳು ಅಂದಿದ್ದಳು, "ಹೊಸದು ಕಣವ್ವ,
ಕವರ್ ಸೈತ ತೆಗ್ದಿಲ್ಲ. ಈರುಳ್ಳಿ ಬುಟ್ಟಿ ಪಕ್ಕದಲ್ಲೇ ಅದೆ."

ಭಾನುವಾರ ಮಗನ ತಲೆಗೆ ಹರಳೆಣ್ಣೆ ತಟ್ಟುವಾಗ
ಬೆರಳು ತಾನಾಗಿ ಕೆಳಗಿಳಿಯುತ್ತದೆ.
ಕತ್ತು ಬಗ್ಗಿಸಿದರೆ ಚರ್ಮದಡಿ ಎದ್ದು ನಿಲ್ಲುವುದು ಏಳನೆಯದು,
ಅವರೆಕಾಳಿಗಿಂತ ದೊಡ್ಡದು, ಬೆಚ್ಚಗೆ.
"ಎಷ್ಟೊತ್ತು ಅಲ್ಲೇ ಸವರ್ತೀಯ?" ಅನ್ನುತ್ತಾನೆ.
ಮದ್ದೂರಿನಲ್ಲಿ ಕೆಲಸ, ಗಾಡಿ ಹೊಸದು,
ಹೆಲ್ಮೆಟ್ಟಿಗೆ ಕೂದಲು ಉದುರುತ್ತದಂತೆ.
ನಿಂಗರಾಜುವಿನ ಚಪ್ಪಲಿಯ ವಿಷಯ
ಅವನಿಗೆ ಇನ್ನೂ ಹೇಳಿಲ್ಲ.

ಬೆಳಿಗ್ಗೆ ಅವನು ಗೇಟು ತೆಗೆಯುವಾಗ
ಒಲೆ ಸಣ್ಣಗೆ ಮಾಡಿ, ಸೌಟು ಕೈಯಲ್ಲೇ ಇದ್ದಂತೆ
ಉಸಿರು ಹಿಡಿದು ನಿಲ್ಲುತ್ತೇನೆ, ಅಳ್ಳಾಡದೆ,
ಗದ್ದದಡಿಯ ಪಟ್ಟಿ ಟಕ್ ಅನ್ನುವವರೆಗೆ.

ಕೆಲವು ದಿನ ಗಾಡಿಯ ಸದ್ದೇ ಮೊದಲು ಬರುತ್ತದೆ.