ಕರಡಿ ಇಲ್ಲದ ದರ

ರಿಯೋನಿ ಹೊಳೆಯ ಪಕ್ಕದ ಪಾರ್ಕಿನ ಗೇಟಿನಲ್ಲಿ ಕೂತವಳು ನಾನು,
ಹನ್ನೊಂದು ವರ್ಷ ಟಿಕೆಟು ಹರಿದು ಹರಿದು
ಹೆಬ್ಬೆರಳ ಅಂಚು ನುಣ್ಣಗಾಗಿದೆ.
ಗುಲಾಬಿ ತೋಟಕ್ಕೆ ದುಡ್ಡಿಲ್ಲ. ಕಾರಂಜಿಗೂ ಇಲ್ಲ,
ಅದು ಚಿಮ್ಮುವುದೂ ಇಲ್ಲ.
ಪ್ರಾಣಿಗಳ ಕಡೆ ಹೋದರೆ ಮಾತ್ರ ಎರಡು ನಾಣ್ಯ.

ಗುರುವಾರ ಓತಾರ್ ಬಂದ. ಇಬ್ಬನಿ ಇನ್ನೂ ಆರಿರಲಿಲ್ಲ.
ಕೋಟಿನ ಜೇಬಲ್ಲಿ ಅಕ್ರೋಟು ಗಲಗಲ.
"ಕರಡಿ ಸತ್ತು ಒಂದು ಚಳಿಗಾಲವೇ ಕಳೆಯಿತು,
ದರ ಮಾತ್ರ ಕರಡಿ ಇದ್ದಷ್ಟೇ ಇದೆಯಲ್ಲ, ನ್ಯಾಯವೇ?"
ನವಿಲಿದೆ, ಎಂದೆ. ಎರಡು ತೋಳ,
ಬಾಲ ಕಚ್ಚಿಸಿಕೊಂಡ ಮಂಗ,
ಮುಳ್ಳುಹಂದಿ, ಅದು ಎದ್ದಿದ್ದರೆ.
"ಅವೆಲ್ಲ ಸೇರಿದರೂ ಒಂದು ಕರಡಿಯಾಗುತ್ತದೆಯೇ, ತ್ಸಿಯಾಲಾ?"
ಗೊಣಗುತ್ತಲೇ ಎರಡೂ ನಾಣ್ಯ ಇಟ್ಟ
ಒಂದರ ಮೇಲೊಂದು, ಗೋಡೆ ಕಟ್ಟುವವನ ಹಾಗೆ.

ಕರಡಿಯ ಬೋನು ನನ್ನ ಕಿಟಕಿಗೆ ನೇರ ಎದುರು.
ಅದರೊಳಗೀಗ ಟೊಮೇಟೊ ಸಸಿ.
ತೋಟದ ಬದ್ರಿಯ ಕೆಲಸ: ಒಳ್ಳೇ ಬಿಸಿಲು,
ಮೂರು ಕಡೆ ಗೋಡೆ, ಹಿಮ ತಾಗದು ಎನ್ನುತ್ತಾನೆ.
ಹಳೇ ಅಭ್ಯಾಸ, ಚಿಲಕವನ್ನು ಎರಡೆರಡು ಸಲ ಎಳೆದು ನೋಡುತ್ತಾನೆ,
ಟೊಮೇಟೊ ಓಡಿಹೋದೀತೆಂಬಂತೆ.
ಆವತ್ತು ನೀರು ತರಲು ಹೋಗಿದ್ದ. ಬಾಗಿಲು ತೆರೆದಿತ್ತು.

ಓತಾರ್ ಒಳಹೊಕ್ಕು ಕರಡಿಯ ಟೈರಿನ ಮೇಲೆ
ಉಸ್ಸೆಂದು ಕೂತ.
ಕಲ್ಲು ಹುಡುಕಿ, ಬಗ್ಗಿ, ಅಕ್ರೋಟು ಒಡೆದ.
ಹಿಂದಿನಿಂದ ನೋಡಿದರೆ ಆ ಕಂದು ಕೋಟು...
ಬೇಡ, ನಾನು ಹೇಳುವುದಿಲ್ಲ.

ಶಾಲೆ ಮಕ್ಕಳು ಬಂದವು, ಜೋಡಿ ಜೋಡಿ ಕೈ ಹಿಡಿದು.
ಒಬ್ಬಳು ಫಲಕ ಓದಿದಳು, ಅಕ್ಷರ ಅಕ್ಷರ ಬಿಡಿಸಿ:
ಕಂದು ಕರಡಿ. ಒಂಟಿ ಜೀವಿ.
ಹಣ್ಣು, ಬೇರು, ಜೇನು ತಿನ್ನುತ್ತದೆ.
ಏನನ್ನೂ ಎಸೆಯಬಾರದು.
ಓದಿ ಮುಗಿಸಿದ್ದೇ ಸೇಬಿನ ಚೂರು ಎಸೆದಳು.

ಅವನು ಹಿಡಿದ. ಎಡಗೈಯಲ್ಲಿ, ಗಾಳಿಯಲ್ಲೇ.
ತಿಂದ, ಬೀಜದ ಸಮೇತ.
ನಗಲಿಲ್ಲ, ಗುರ್ರೆನ್ನಲೂ ಇಲ್ಲ.
ಮಕ್ಕಳು ಕಂಬಿಗೆ ಮೂಗೊತ್ತಿ ನಿಂತವು.
ತೋಳದ ಮುಂದೂ ಅಷ್ಟು ಹೊತ್ತು ಯಾರೂ ನಿಂತದ್ದಿಲ್ಲ.
ಬದ್ರಿ ಕೊಡ ಹಿಡಿದು ಬಂದವನು
ಕೊಡ ಹಿಡಿದೇ ನಿಂತ.

ಹೊರಡುವಾಗ ಕಿಟಕಿಗೆ ಬಂದು ಕೈ ಚಾಚಿದ:
"ಒಂದು ನಾಣ್ಯ ವಾಪಸು ಕೊಡು.
ಅರ್ಧ ಹೊತ್ತು ನಾನು ಒಳಗಿದ್ದೆ."

ಕೊಟ್ಟೆ. ಲೆಕ್ಕದಲ್ಲಿ ಏನೆಂದು ತೋರಿಸಲಿ?
ಐದು ಗಂಟೆಯವರೆಗೂ ಪೆನ್ನಿನ ತುದಿ ಕಚ್ಚುತ್ತ ಕೂತೆ.
ಕರಡಿಯ ಪುಟ ತೆಗೆದು, ಆಹಾರದ ಕಾಲಮ್ಮಿನಲ್ಲಿ,
ತಾರೀಕು ಹಾಕಿ, ಬರೆದೆ:
ಸೇಬು, ಒಂದು ಚೂರು.